ಮುಂಗಡ ಭೂತಕಾಲ

ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿಗೆ ಏಳು ಸುತ್ತಿನ ಕೋಟೆ ಇರಲಿಲ್ಲ; ಐದು ಮಹಡಿಯ, ಏಳು ಮಹಡಿಯ, ಅಪರೂಪಕ್ಕೆ ಹನ್ನೊಂದು ಮಹಡಿಯ ಕಟ್ಟಡಗಳಿದ್ದವು. ಒಂದೊಂದು ಕಟ್ಟಡದ ಹೊಟ್ಟೆಯೊಳಗೂ ಒಂದೊಂದು ಕಬ್ಬಿಣದ ಪೆಟ್ಟಿಗೆ. ಬಟನ್ ಒತ್ತಿದರೆ ಮೇಲೆ, ಒತ್ತಿದರೆ ಕೆಳಗೆ. ಜನ ಹಾಲು, ತರಕಾರಿ, ಮಗು, ಆಫೀಸಿನ ಸಿಟ್ಟು ಎಲ್ಲವನ್ನೂ ಅದರೊಳಗೆ ಹೊತ್ತುಕೊಂಡು ಹೋಗಿ ಬರುತ್ತಿದ್ದರು. ಆ ಪೆಟ್ಟಿಗೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಒಬ್ಬ ಮಾವನಿದ್ದ. ಮಾವ ಕಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಡಲು ಅವನ ಅಕ್ಕನ ಮಗಳೊಬ್ಬಳಿದ್ದಳು. ಇಪ್ಪತ್ತಾರು ತುಂಬಿದ್ದರೂ ಮನೆಯಲ್ಲಿ ಅವಳಿಗೆ ಪುಟ್ಟಿ ಅಂತಲೇ ಹೆಸರು.

ಅಜ್ಜಿಯ ಕಥೆಯಾಗಿದ್ದರೆ ಇಲ್ಲಿಗೆ ಒಬ್ಬ ರಾಕ್ಷಸ ಬರುತ್ತಿದ್ದ. ರಾಕ್ಷಸ ಬಂದರೆ ಎಷ್ಟೋ ಅನುಕೂಲ. ಅವನ ಪ್ರಾಣ ಎಲ್ಲೋ ಒಂದು ಗಿಳಿಯ ಕತ್ತಿನಲ್ಲಿರುತ್ತದೆ, ಹಿಸುಕಿದರೆ ಕಥೆ ಮುಗಿಯಿತು. ಪುಟ್ಟಿಯ ಎದುರಿಗೆ ಈಗ ಇದ್ದದ್ದು ರಾಕ್ಷಸನಲ್ಲ, ಎರಡು ಬಿಳಿ ಹಾಳೆ. ಗೆರೆಯಿಲ್ಲದ್ದು, ಮೂಲೆಯಲ್ಲಿ ಇಲಾಖೆಯ ನೀಲಿ ಮೊಹರು ಬಿದ್ದದ್ದು. ಅವುಗಳ ಪ್ರಾಣ ಎಲ್ಲಿದೆಯೋ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆಯಾಗಿತ್ತು.

ಅವಳು ಕೂತಿದ್ದದ್ದು ಲಿಫ್ಟ್ ರಿಪೇರಿ ಕಂಪನಿಯ ಹಿಂದಿನ ಕೋಣೆಯಲ್ಲಿ. ಮೂರು ಗೋಡೆಗೆ ಹಳೇ ಫೈಲು, ನಾಲ್ಕನೆಯದಕ್ಕೆ ಒಂದು ಕಿಟಕಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೇಲಿಂದ ಕೆಳಗೆ ಒಂದು ತುಕ್ಕು ಹಿಡಿದ ಪೈಪು. ಮೇಜಿನ ಅರ್ಧದಷ್ಟು ಜಾಗವನ್ನು ಕಿತ್ತಿಟ್ಟ ಹಳೇ ಬಟನ್‌ಗಳ ಟ್ರೇ ನುಂಗಿತ್ತು. ಒಂದು, ಎರಡು, ಮೂರು, ಬಾಗಿಲು ತೆರೆ, ಬಾಗಿಲು ಮುಚ್ಚು. ಎಣ್ಣೆಬಟ್ಟೆಯ ವಾಸನೆ. ಬಾಗಿಲಿಗೆ ಬೀಗವೇನೂ ಹಾಕಿರಲಿಲ್ಲ. ಆದರೆ ಅದು ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು, ಒಳಗಿನವರು ಎಳೆದರೆ ಬಾರದು, ಹೊರಗಿನವರು ಭುಜ ಕೊಟ್ಟು ತಳ್ಳಬೇಕು. ಊರಿನ ಲಿಫ್ಟುಗಳ ಬಾಗಿಲನ್ನೆಲ್ಲ ಸರಿಮಾಡುವ ಕಂಪನಿಗೆ ಈ ಒಂದು ಬಾಗಿಲು ಸರಿಮಾಡಲು ಎಂಟು ವರ್ಷದಿಂದ ಪುರುಸೊತ್ತಾಗಿರಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಲಿಫ್ಟ್ ಇಲಾಖೆಯ ಅಧಿಕಾರಿ ಬಂದಿದ್ದರು. ಬಿಗಿಯಾಗಿ ಕಟ್ಟಿದ ಕೂದಲು, ಚೀಲದಲ್ಲಿ ಟಾರ್ಚು, ಮಾತು ಕಡಿಮೆ. ಹಾಳೆ ಎರಡನ್ನೂ ಪುಟ್ಟಿಯ ಕೈಗೆ ಕೊಟ್ಟು ಹೇಳಿದ್ದರು: "ನಾನೀಗ ಆ ಕಟ್ಟಡಕ್ಕೆ ಹೋಗಿ ಲಾಕ್ ನೋಡಿ ಬರ್ತೀನಿ. ನಾಲ್ಕು ಗಂಟೆಗೆ ವಾಪಸ್ ಬಂದಾಗ ನಿಮ್ಮ ಹೇಳಿಕೆ ರೆಡಿ ಇರಲಿ. ಆ ರಿಪೋರ್ಟು ಯಾರು ಬರೆದ್ರು, ಯಾವಾಗ ಬರೆದ್ರು, ಏನು ತಿಳಿದು ಬರೆದ್ರು. ಅಷ್ಟೇ ಸಾಕು. ಇಂಗ್ಲಿಷಲ್ಲೇ ಬರೀರಿ, ಫೈಲು ಮೇಲಕ್ಕೆ ಹೋಗುತ್ತೆ."

"ಆಯ್ತು ಮೇಡಂ."

"ಬರೆದದ್ದು ಸೀದಾ ನನ್ನ ಕೈಗೆ. ನಡುವೆ ಯಾರ ಕೈಗೂ ಹೋಗಬಾರದು. ಮಾತು ಕೊಡ್ತೀರಾ?"

ಪುಟ್ಟಿ ಮಾತು ಕೊಟ್ಟಿದ್ದಳು. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರ ಪಾಡು ಏನಾಗುತ್ತದೆ ಅಂತ ಗೊತ್ತಿದ್ದೂ ಕೊಟ್ಟಿದ್ದಳು.

ಆದದ್ದು ಇಷ್ಟು. ಈ ತಿಂಗಳ ಹತ್ತೊಂಬತ್ತಕ್ಕೆ, ಐದು ಮಹಡಿಯ ಕಟ್ಟಡವೊಂದರಲ್ಲಿ, ಮೂರನೇ ಮಹಡಿಯ ಹೊಲಿಗೆಯಾಕೆ ಇಸ್ತ್ರಿ ಮಾಡಿದ ಬಟ್ಟೆಯ ರಾಶಿಯನ್ನು ಗದ್ದದವರೆಗೂ ಪೇರಿಸಿಕೊಂಡು ಲಿಫ್ಟಿನ ಬಾಗಿಲು ಎಳೆದರು. ಪೆಟ್ಟಿಗೆ ಬಂದು ನಿಲ್ಲದೆ ಬಾಗಿಲು ತೆರೆಯಬಾರದು. ಅದಕ್ಕೇ ಒಂದೊಂದು ಮಹಡಿಯ ಬಾಗಿಲಿಗೂ ಒಂದೊಂದು ಲಾಕ್ ಇರುತ್ತದೆ. ಮೂರನೇ ಮಹಡಿಯ ಲಾಕ್ ಸವೆದಿತ್ತು. ಬಾಗಿಲು ತೆರೆಯಿತು, ಪೆಟ್ಟಿಗೆ ಇರಲಿಲ್ಲ. ಹೊಲಿಗೆಯಾಕೆ ಕಾಲಿಟ್ಟದ್ದು ಗಾಳಿಯ ಮೇಲೆ. ಪುಣ್ಯಕ್ಕೆ ಪೆಟ್ಟಿಗೆ ಒಂದು ಮಹಡಿ ಕೆಳಗಿತ್ತು, ಅದರ ಚಾವಣಿಯ ಮೇಲೆ ಬಿದ್ದರು. ಪ್ರಾಣ ಉಳಿಯಿತು. ಸೊಂಟದ ಮೂಳೆ ಮುರಿಯಿತು, ಬಲಗೈ ಮಣಿಕಟ್ಟು ಮುರಿಯಿತು.

ಅದೇ ಲಿಫ್ಟಿನೊಳಗೆ, ಕನ್ನಡಿಯ ಪಕ್ಕದಲ್ಲಿ, ಹನ್ನೆರಡನೇ ತಾರೀಖಿನ ರಿಪೋರ್ಟು ಅಂಟಿಸಿತ್ತು. ಹನ್ನೊಂದು ಸಾಲು. ಒಂಬತ್ತನೆಯದು: ಡೋರ್ ಲಾಕ್ಸ್ ವರ್ ಚೆಕ್ಡ್ ಅಂಡ್ ಫೌಂಡ್ ಇನ್ ಗುಡ್ ಆರ್ಡರ್. ಎಲ್ಲ ಮಹಡಿಯ ಬಾಗಿಲಿನ ಲಾಕ್ ಪರೀಕ್ಷಿಸಲಾಯಿತು, ಎಲ್ಲವೂ ಸರಿಯಾಗಿದ್ದವು. ಕೆಳಗೆ ಮೆಕ್ಯಾನಿಕ್ ಅಂದರೆ ಮಾವನ ಸಹಿ, ಕಾವಲಿನವನ ಸಹಿ.

ಆ ಸಾಲನ್ನು ಪುಟ್ಟಿ ಟೈಪ್ ಮಾಡಿದ್ದು ಹನ್ನೆರಡಕ್ಕಲ್ಲ, ಒಂದನೇ ತಾರೀಖಿಗೆ.

ಈ ಪದ್ಧತಿಗೆ ಅಪ್ಪ ಅಮ್ಮ ಎಲ್ಲ ಪುಟ್ಟಿಯೇ. ಮೂರು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾವ ದಿನವೆಲ್ಲ ಕಟ್ಟಡ ಸುತ್ತಿ ಸಂಜೆ ಎಣ್ಣೆ ಮೆತ್ತಿದ ಚೀಟಿಗಳನ್ನು ಜೇಬಿನಿಂದ ಸುರಿಯುತ್ತಿದ್ದ. ಅವನ್ನು ಬಿಡಿಸಿ, ಕೇಳಿ, ಇಂಗ್ಲಿಷಿಗೆ ತಿರುಗಿಸಿ, ಟೈಪ್ ಮಾಡಿ ಕಳಿಸುವಷ್ಟರಲ್ಲಿ ಮೂರು ದಿನ. ಕಟ್ಟಡದವರಿಗೆ ರಿಪೋರ್ಟು ಕೂಡಲೇ ಬೇಕು. ಮಾವನಿಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಒಂದು ದಿನ ಪುಟ್ಟಿಯೇ ಬಾಯಿಬಿಟ್ಟು ಹೇಳಿದಳು: "ಸಾರ್, ತಿಂಗಳು ತಿಂಗಳು ಅದೇ ಹನ್ನೊಂದು ಸಾಲು. ಮೊದಲೇ ಬರೆದಿಟ್ಟುಬಿಟ್ರೆ ಆಗಲ್ವಾ? ಮಾವ ಹೋಗೋವಾಗ ಚೀಲದಲ್ಲೇ ಇಟ್ಕೊಂಡು ಹೋಗ್ತಾನೆ, ಕೆಲಸ ಮುಗಿದ ಕೂಡಲೇ ಸಹಿ ಹಾಕಿಸ್ತಾನೆ." ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾಗಿ, ಬುದ್ಧಿ ಅಂದ್ರೆ ಇದು ಕಣಮ್ಮ, ಅಂದಿದ್ದರು.

ಅಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಪುಟ್ಟಿ ನಲವತ್ತಮೂರು ಕಟ್ಟಡದ ರಿಪೋರ್ಟು ಕೂಡಿಸಿ ಬರೆದುಬಿಡುತ್ತಿದ್ದಳು. ಇನ್ನೂ ಹುಟ್ಟದ ದಿನಗಳ ಮೇಲೆ, ಆಗಲೇ ಎಲ್ಲ ಆಗಿಹೋಯಿತು ಅಂತ. ಮಾಡಲಾಗುವುದು ಅಂತ ಬರೆದರೆ ಕಟ್ಟಡದವರು ಒಪ್ಪುವುದಿಲ್ಲ, ಮಾಡಲಾಗುತ್ತಿದೆ ಅಂದರೆ ಇನ್ನೂ ಮುಗಿದಿಲ್ಲವೇ ಅಂತ ಫೋನು ಮಾಡುತ್ತಾರೆ. ಹಾಗಾಗಿ ವಾಸ್, ವರ್. ಒಂದನೇ ತಾರೀಖು ಬೆಳಿಗ್ಗೆ ಮಾವ ಚೀಲ ಹೆಗಲಿಗೇರಿಸಿ ಬಂದು, ಮೇಜಿನ ಅಂಚಿಗೆ ಒರಗಿ ಕೇಳುವ ಮಾತೂ ಒಂದೇ: "ಏನಮ್ಮ ಪುಟ್ಟಿ, ಈ ತಿಂಗಳೆಲ್ಲ ನಾನು ಏನೇನು ಮಾಡಿದೆ, ಸ್ವಲ್ಪ ಹೇಳು."

"ಬಹಳ ಮಾಡಿದ್ದೀಯ ಮಾವ. ಇಪ್ಪತ್ತೆಂಟಕ್ಕೆ ಹನ್ನೊಂದು ಮಹಡಿ ಹತ್ತಿ ಮೋಟಾರಿಗೆ ಎಣ್ಣೆ ಬಿಟ್ಟೆ."

"ಅಯ್ಯೋ, ಅದಕ್ಕೇ ಈಗಲೇ ಮಂಡಿ ನೋಯ್ತಿದೆ."

ಪುಟ್ಟಿಗೆ ಇದರಲ್ಲಿ ಒಂಥರಾ ಸುಖವೂ ಇತ್ತು. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಜ್ಜಿಯ ಕಥೆಗಳು, ಮಾವನ ಸಂಬಳ. ಅಜ್ಜಿಯ ಕಥೆಯಲ್ಲಿ ಎಲ್ಲವೂ ಯಾವಾಗಲೋ ಆಗಿ, ಮುಗಿದು, ಒಪ್ಪವಾಗಿ ಕೂತಿರುತ್ತಿತ್ತು. ರಾಜ ಇದ್ದನಂತೆ, ಕಾಡಿಗೆ ಹೋದನಂತೆ, ಬಂದನಂತೆ. ಈಗ ಯೋಚಿಸಿದರೆ, ಅಜ್ಜಿ ಯಾವ ಮಾತಿಗೂ ತಾನು ಜವಾಬ್ದಾರಿ ಹೊತ್ತಿರಲಿಲ್ಲ. ಕೊನೆಗೊಂದು ಅಂತೆ ಸೇರಿಸಿ ಜಾರಿಕೊಂಡಿದ್ದಳು. ಯಾರೋ ಹೇಳಿದ್ದು, ನಾನು ಕಂಡಿದ್ದಲ್ಲ ಅಂತ. ಇಂಗ್ಲಿಷಿನ ವರ್ ಚೆಕ್ಡ್‌ಗೆ ಅಂತಹ ಬಾಲ ಇಲ್ಲ. ಕಣ್ಣಾರೆ ಕಂಡವರ ಹಾಗೆ ನೆಟ್ಟಗೆ ನಿಂತುಬಿಡುತ್ತದೆ.

ಹನ್ನೊಂದು ಗಂಟೆಗೆ ಅವಳು ಮೊದಲ ಸಾಲು ಬರೆದಳು, ಇಲಾಖೆಯ ಹಾಳೆಯ ಮೇಲಲ್ಲ, ಹಳೇ ಫೈಲಿನ ರಟ್ಟಿನ ಬೆನ್ನ ಮೇಲೆ. ರಿಪೋರ್ಟನ್ನು ಟೈಪ್ ಮಾಡಲಾಯಿತು. ಯಾರು ಮಾಡಿದರು? ಕೈಯಿಲ್ಲದೆ, ಬೆರಳಿಲ್ಲದೆ ತಾನೇ ಟೈಪ್ ಆದ ಹಾಗಿತ್ತು. ಹೊಡೆದು ಹಾಕಿದಳು. ವರ್ತಮಾನಕ್ಕೆ ಹೋದಳು. ಕೆಲಸ ಮುಗಿದ ಮೇಲೆ ರಿಪೋರ್ಟು ಟೈಪ್ ಮಾಡಲಾಗುತ್ತದೆ. ಇದು ಚೆನ್ನಾಗಿತ್ತು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವ ಹಾಗೆ. ಯಾವ ತಾರೀಖೂ ಇಲ್ಲ, ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಆದರೆ ಮೂರು ವರ್ಷದಿಂದ ಆ ಸೂರ್ಯ ಈ ಆಫೀಸಿನಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ. ಅದನ್ನೂ ಹೊಡೆದಳು. ಲಾಕ್‌ಗಳನ್ನು ಪರೀಕ್ಷಿಸಬೇಕಾಗಿತ್ತು ಅಂತ ಬರೆದು ನೋಡಿದಳು. ಬೇಕಾಗಿತ್ತು, ಸರಿ, ಯಾರಿಗೆ ಬೇಕಾಗಿತ್ತು? ಎಲ್ಲ ದಾರಿಯೂ ಸುತ್ತಿ ಬಂದು ಮಾವನ ಹೆಗಲ ಮೇಲೇ ಇಳಿಯುತ್ತಿತ್ತು, ಇಲ್ಲ ತನ್ನ ಮೇಲೆ. ನಿಂತುಕೊಳ್ಳಲು ಮೂರನೆಯ ಜಾಗ ಇರಲಿಲ್ಲ.

ಧಡ್ ಅಂತ ಬಾಗಿಲು ಒಳಗೆ ಬಂತು, ಹಿಂದೆಯೇ ಮ್ಯಾನೇಜರ್ ಬಂದರು. ಮನುಷ್ಯ ಕೆಟ್ಟವರಲ್ಲ. ಯಾರ ಮೇಲೂ ಧ್ವನಿ ಏರಿಸಿದವರಲ್ಲ. ಎಲ್ಲವನ್ನೂ ನಾವು ಅಂತಲೇ ಹೇಳುವವರು. ಕೆಲಸವಿದ್ದಾಗ ಆ ‘ನಾವು’ ಒಳಗೆ ಅವರು ಇರುತ್ತಿರಲಿಲ್ಲ ಅಷ್ಟೇ.

"ಎಲ್ಲಿಗೆ ಬಂದೆವಮ್ಮ ನಾವು?"

"ಯೋಚನೆ ಮಾಡ್ತಿದ್ದೀನಿ ಸಾರ್."

"ಯೋಚನೆ ಯಾಕೆ? ನಿನ್ನ ಇಂಗ್ಲಿಷು ಕಣ್ಣಿಗೆ ಒತ್ಕೊಳ್ಳೋ ಹಾಗಿರುತ್ತೆ. ಮೂರೇ ಸಾಲು. ಮೆಕ್ಯಾನಿಕ್ ಕೆಲಸ ಮುಗಿಸಿ ಬಂದ, ಎಲ್ಲ ನೋಡಿದೆ ಅಂತ ಹೇಳಿದ, ಆಮೇಲೆ ನಾನು ಟೈಪ್ ಮಾಡಿದೆ. ಮುಗೀತು. ಅವನು ಹೇಳಿದ್ದನ್ನ ನೀನು ಬರೆದೆ. ನಿನ್ನದೇನು ತಪ್ಪು?"

"ಒಂದನೇ ತಾರೀಖೇ ಬರೆದಿದ್ದೆ ಸಾರ್. ನಿಮಗೇ ಗೊತ್ತಲ್ಲ."

ಮ್ಯಾನೇಜರ್ ಟ್ರೇಯಿಂದ ಒಂದು ಬಟನ್ ಎತ್ತಿ ಅಂಗೈಯಲ್ಲಿ ತಿರುಗಿಸಿದರು. "ಅದು ಹೊರಗೆ ಹೋದ್ರೆ ನಲವತ್ತಮೂರು ಕಟ್ಟಡದ ಕಾಗದವೂ ಸುಳ್ಳು ಅಂತಾರೆ. ನಾಳೆ ಬೆಳಿಗ್ಗೆ ಈ ಬಾಗಿಲಿಗೆ ಇಲಾಖೆ ಬೀಗ ಬೀಳುತ್ತೆ. ಹದಿನಾಲ್ಕು ಮನೆ ಒಲೆ ಉರಿಯೋದು ಇಲ್ಲಿಂದ. ಅದನ್ನೂ ಸ್ವಲ್ಪ ಲೆಕ್ಕಕ್ಕೆ ತಗೋ."

"ನೀವು ಹೇಳಿದ ಹಾಗೆ ಬರೆದ್ರೆ ಮಾವನ ಲೈಸೆನ್ಸು ಹೋಗುತ್ತಲ್ಲ ಸಾರ್."

"ಅವನೇ ಒಪ್ಕೊಂಡಿದ್ದಾನಲ್ಲಮ್ಮ. ಬೆಳಿಗ್ಗೆ ಮೇಡಂ ಮುಂದೆ ಹೇಳಿದ, ನಾನು ಲಾಕ್ ನೋಡಲಿಲ್ಲ, ನೋಡಿದೆ ಅಂತ ಹೇಳಿ ಬರೆಸಿದೆ ಅಂತ. ನಾವೇನು ಅವನ ಬಾಯಿಗೆ ಮಾತು ತುಂಬಲಿಲ್ಲ." ಬಟನ್ನನ್ನು ಟ್ರೇಗೆ ಹಾಕಿದರು. "ಮೂರೂವರೆಗೆ ಬಂದು ಒಂದು ಸಲ ಕಣ್ಣಾಡಿಸ್ತೀನಿ. ಸ್ಪೆಲ್ಲಿಂಗು ಗಿಲ್ಲಿಂಗು ಇದ್ರೆ ಸರಿಮಾಡೋಣ."

ಅವರು ಹೋದ ಮೇಲೆ ಪುಟ್ಟಿಗೆ ಕೂತ ಕುರ್ಚಿ ಸಣ್ಣದಾದಂತೆ ಅನ್ನಿಸಿತು. ನೋಡಿದೆ ಅಂತ ಹೇಳಿ ಬರೆಸಿದೆ. ಮಾವ ಹಾಗೆ ಹೇಳಿದನೇ? ಮಾವ ಸುಳ್ಳು ಹೇಳಿದ್ದ. ನಿಜಕ್ಕೂ ನಡೆದದ್ದು ಗೊತ್ತಿದ್ದದ್ದು ಇಬ್ಬರಿಗೇ, ಅವನಿಗೆ, ಇವಳಿಗೆ.

ಹನ್ನೆರಡನೇ ತಾರೀಖು ಮಧ್ಯಾಹ್ನ ಮೂರರ ಹೊತ್ತಿಗೆ ಮಾವ ಆ ಕಟ್ಟಡದಿಂದಲೇ ಅವಳಿಗೆ ಫೋನು ಮಾಡಿದ್ದ. ಮೋಟಾರು, ಬ್ರೇಕು, ಕಬ್ಬಿಣದ ಹಗ್ಗ ಎಲ್ಲ ನೋಡಿ, ಬಾಗಿಲುಗಳ ಹತ್ತಿರ ಬರುವಷ್ಟರಲ್ಲಿ ಆಸ್ಪತ್ರೆಯೊಂದರ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ, ಇದ್ದ ಹಾಗೇ ಹೊರಡು ಅಂತ ಮ್ಯಾನೇಜರ್ ಹೇಳಿದ್ದರು. ಕಾವಲಿನವನು ಆಗಲೇ ಹಾಳೆಗೆ ಮಾವನ ಸಹಿ ಹಾಕಿಸಿಕೊಂಡು ಗೋಂದು ಹುಡುಕುತ್ತಿದ್ದ.

"ಪುಟ್ಟಿ, ಬಾಗಿಲಿನ ಲಾಕು ನೋಡಿಲ್ಲ ಕಣೆ. ಒಂಬತ್ತನೇ ಸಾಲು ಅದೇ ತಾನೆ? ಅದು ತೆಗೆದು ಬೇರೆ ಹಾಳೆ ಕಳಿಸು. ಅಲ್ಲೀವರೆಗೆ ಇದನ್ನ ಅಂಟಿಸಬೇಡ ಅಂತ ಇವನಿಗೆ ಹೇಳು. ನಾನು ಹೇಳಿದ್ರೆ ಕೇಳ್ತಿಲ್ಲ, ಆಫೀಸಿಂದ ಹೇಳಿಸು ಅಂತಾನೆ."

ಪುಟ್ಟಿಯ ಮುಂದೆ ಆವತ್ತು ಮುಂದಿನ ಆರು ತಿಂಗಳ ಕರಾರು ಪತ್ರಗಳ ರಾಶಿ ಇತ್ತು. ಕತ್ತಿನ ಸಂದಿಗೆ ಫೋನು ಸಿಕ್ಕಿಸಿಕೊಂಡು, ಟೈಪ್ ಮಾಡುತ್ತಲೇ ಹೇಳಿದ್ದಳು: "ನಾಳೆ ಹೇಗೂ ಹೋಗಿ ನೋಡ್ತೀಯಲ್ಲ ಮಾವ. ಇವತ್ತೊಂದು ದಿನ ಸುಳ್ಳು, ನಾಳೆಯಿಂದ ನಿಜ ಆಗುತ್ತೆ. ಅಂಟಿಸ್ಲಿ ಬಿಡು."

ಮಾವ ನಕ್ಕಿದ್ದ. "ನೀನು ಬರೆದ ಮೇಲೆ ಆಗಲೇಬೇಕಲ್ಲ," ಅಂದಿದ್ದ.

ಮಾರನೆಯ ದಿನ ಅವನನ್ನು ಊರಿನ ಇನ್ನೊಂದು ತುದಿಗೆ ಹೊಸ ಲಿಫ್ಟ್ ಕೂರಿಸಲು ಕಳಿಸಿದರು. ಅಲ್ಲಿ ನಾಲ್ಕು ದಿನ. ಆಮೇಲೆ ಅವನಿಗೂ ಮರೆಯಿತು, ಇವಳಿಗೂ ಮರೆಯಿತು. ಗೋಡೆಯ ಮೇಲಿನ ಹಾಳೆಗೆ ಮರೆಯುವ ಅಭ್ಯಾಸ ಇರಲಿಲ್ಲ.

ಅದು ಅಲ್ಲೇ ಇತ್ತು ಅನ್ನುವುದನ್ನು ಅವಳಿಗೆ ಹೇಳಿದವರು ಹೊಲಿಗೆಯಾಕೆಯೇ. ಕಳೆದ ಭಾನುವಾರ ಪುಟ್ಟಿ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿದ್ದಳು. ಕಂಪನಿಯವಳು ಅಂತ ತಿಳಿದ ಮೇಲೂ ಆಕೆ ಬೈಯಲಿಲ್ಲ. ಬೈದಿದ್ದರೆ ಪುಟ್ಟಿ ಹಗುರಾಗಿ ಮನೆಗೆ ಬರುತ್ತಿದ್ದಳು. ಮಂಚದ ಮೇಲೆ ಕದಲದೆ ಮಲಗಿ, ಪ್ಲಾಸ್ಟರ್ ಹಾಕಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು: "ಬಾಗಿಲು ಸಡಿಲ ಇದೆ ಅಂತ ನನಗೆ ಸುಮಾರು ದಿನದಿಂದ ಅನ್ನಿಸ್ತಿತ್ತಮ್ಮ. ಕೈ ಸುಮ್ನಿರಲ್ಲ ನೋಡು, ದಾರ ಸಡಿಲಾದ್ರೆ ಗೊತ್ತಾಗುತ್ತೆ, ಬಾಗಿಲು ಸಡಿಲಾದ್ರೂ ಗೊತ್ತಾಗುತ್ತೆ. ಮೆಟ್ಟಿಲಲ್ಲೇ ಇಳಿಯೋಣ ಅಂದ್ಕೊಂಡೆ. ಆಮೇಲೆ ಒಳಗೆ ಕಾಗದ ಅಂಟಿಸಿದ್ರಲ್ಲ, ಅಕ್ಷರ ಕೂಡಿಸಿ ಓದಿದೆ. ಲಾಕ್ಸ್, ಚೆಕ್ಡ್, ಗುಡ್. ನಾನು ಪೆದ್ದಿ, ಸುಮ್ಮನೆ ಹೆದರ್ಕೊಂಡೆ ಅಂದ್ಕೊಂಡೆ." ಪ್ಲಾಸ್ಟರಿನ ಕಡೆ ನೋಡಿ, "ಕತ್ತರಿ ಹಿಡಿಯೋ ಕೈ ಇದು," ಅಂದರು.

ಪುಟ್ಟಿ ಕಿಟಕಿಯ ಹತ್ತಿರ ಎದ್ದು ಹೋದಳು. ಎದುರಿಗೆ ಗೋಡೆ. ಪೈಪಿನ ಮೇಲೆ ಒಂದು ಇರುವೆ ಸಾಲು ಮೇಲೇರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು, ಎದುರಾದಾಗ ನಿಂತು ಮುಖ ಮುಟ್ಟಿ ಮಾತಾಡಿ ಮುಂದೆ ಹೋಗುತ್ತಿದ್ದವು. ಮತ್ತೆ ಬಂದು ಕೂತಳು. ರಟ್ಟಿನ ಬೆನ್ನು ತುಂಬಿತ್ತು, ಇನ್ನೊಂದು ಫೈಲು ತೆಗೆದಳು.

ಊಟದ ಹೊತ್ತಿಗೆ ಬಾಗಿಲು ಮತ್ತೆ ಸದ್ದಾಯಿತು. ಈ ಸಲ ತಳ್ಳಿದ ಭುಜ ಮಾವನದು. ಕೈಯಲ್ಲಿ ಎರಡು ಲೋಟ ಚಹಾ, ಒಂದು ಚೆಲ್ಲಿತ್ತು. ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಹಗಲು ಹೊತ್ತು ಅವನು ಹಾಗೆ ಕೂತದ್ದನ್ನು ಆ ಬೆಂಚು ನೋಡಿರಲಿಲ್ಲ.

"ಬಾಗಿಲು ಕಚ್ಕೊಳ್ಳುತ್ತೆ. ಒಂದು ಉಳಿ ಇದ್ರೆ ಐದು ನಿಮಿಷದ ಕೆಲಸ," ಅಂದ. ತುಂಬಿದ ಲೋಟ ಅವಳ ಮುಂದಿಟ್ಟ. "ಬರೆದ್ಯಾ?"

"ನೀನು ಮೇಡಂ ಹತ್ರ ಏನು ಹೇಳಿದೆ ಮಾವ?"

"ಇದ್ದದ್ದು ಹೇಳಿದೆ. ಲಾಕ್ ನೋಡಲಿಲ್ಲ. ಅದು ನಿಜ ತಾನೆ?"

"ನೋಡಿದೆ ಅಂತ ನನಗೆ ಹೇಳಿ ಬರೆಸಿದೆ ಅಂದ್ಯಂತೆ."

ಮಾವ ಚಹಾ ಊದಿದ. ಆರಿದ ಚಹಾವನ್ನೂ ಊದುವುದು ಅವನ ಅಭ್ಯಾಸ. "ಫೋನಿನ ವಿಷಯ ಬಿಡು. ಅದು ನಮ್ಮನೆ ಮಾತು, ಮನೆಯಲ್ಲೇ ಇರಲಿ. ಗೊತ್ತಿದ್ದೂ ಸುಳ್ಳು ಬರೆದವರು ಯಾರೋ ಅವರ ಮೇಲೆ ಕೇಸು ಅಂತ ಹೇಳಿದ್ರು ಆಯಮ್ಮ. ಗೊತ್ತಿದ್ದೂ ಅನ್ನೋದನ್ನ ಎರಡು ಸಲ ಹೇಳಿದ್ರು. ನನಗೆ ಐವತ್ತೆಂಟು ಆಯ್ತು. ಇನ್ನೆರಡು ವರ್ಷ ಆದ್ರೆ ಏಣಿ ಹತ್ತೋಕೆ ಮಂಡಿ ಬಿಡಲ್ಲ. ನೀನು ಈಗ ಹತ್ತೋಳು."

"ಲೈಸೆನ್ಸು ಹೋದ್ರೆ ಏನು ಮಾಡ್ತೀಯ?"

"ಮಲಗ್ತೀನಿ. ನಿಮ್ಮಜ್ಜಿ ಹತ್ರ ಕಥೆ ಹೇಳಿಸ್ಕೊಳ್ತೀನಿ. ಚಿಕ್ಕಂದಿನಲ್ಲಿ ನನಗೆ ಪೂರ್ತಿ ಹೇಳ್ತಾನೇ ಇರಲಿಲ್ಲ, ನೀನು ಹುಟ್ಟಿದ ಮೇಲೆ ಎಲ್ಲ ನಿನಗೇ."

ಪುಟ್ಟಿ ನಗಲಿಲ್ಲ. ಮಾವನೂ ನಗಿಸಲು ಹೇಳಿದ ಹಾಗಿರಲಿಲ್ಲ. ಅವನ ಲೈಸೆನ್ಸು ಮನೆಯ ನಡುಕೋಣೆಯಲ್ಲಿ, ಗಡಿಯಾರದ ಕೆಳಗೆ, ಚೌಕಟ್ಟು ಹಾಕಿಸಿ ತೂಗುಹಾಕಿತ್ತು. ಫೋಟೋದಲ್ಲಿ ಮೂವತ್ತಾರರ ಮಾವ, ಕೂದಲು ಒದ್ದೆ ಮಾಡಿ ಬಾಚಿಕೊಂಡು. ಅಜ್ಜಿ ಬೆಳಿಗ್ಗೆ ಗಡಿಯಾರ ಒರೆಸುವಾಗ ಅದನ್ನೂ ಒರೆಸುತ್ತಾಳೆ, ಇವತ್ತೂ ಒರೆಸಿದ್ದಳು. ಇಲಾಖೆಯವರು ಹೇಳಿಕೆ ಬರೆಸಿಕೊಳ್ಳಲು ಬರುತ್ತಾರೆ ಅಂತ ಕೇಳಿದ್ದವಳು, ಚಪ್ಪಲಿ ಮೆಟ್ಟುತ್ತಿದ್ದ ಪುಟ್ಟಿಗೆ, "ಅದೇನು ಬರೀತೀಯೋ, ಕೊಡೋ ಮೊದಲು ನಿಮ್ಮ ಮಾವನಿಗೆ ನಮ್ಮ ಮಾತಲ್ಲಿ ಓದಿ ಹೇಳೇ. ಅವನಿಗೆ ಗೊತ್ತಿಲ್ಲದ ಭಾಷೇಲಿ ಅವನ ಹಣೆಬರಹ ಬರೆದುಬಿಡಬೇಡ," ಅಂದಿದ್ದಳು.

"ನಾನು ಹೇಳಿದ್ದೆ ಅಂತ ಬರಿ," ಮಾವ ಎದ್ದ. "ದೊಡ್ಡ ಇಂಗ್ಲಿಷು ಬೇಡ. ನಿನಗೆ ಬರೋದ್ರಲ್ಲಿ ಸಣ್ಣದು ಬರಿ."

"ಮಾವ, ಆವತ್ತು ನೀನು ತೆಗಿ ಅಂದೆ."

"ಅಂದೆ. ಆಮೇಲೆ ನಕ್ಕೆ. ಮಾರನೇ ದಿನ ಹೋಗಬೇಕಿತ್ತು, ಹೋಗಲಿಲ್ಲ. ನಿನ್ನ ಸಾಲಿಗಿಂತ ಅದು ದೊಡ್ಡದು." ಬಾಗಿಲಿನ ಅಂಚಿಗೆ ಬೆರಳು ಸವರಿ, ಎಲ್ಲಿ ಉಜ್ಜುತ್ತಿದೆ ಅಂತ ನೋಡಿ, ಹೊರಗೆ ಹೋದ. ಬಾಗಿಲು ಕಚ್ಚಿಕೊಂಡಿತು.

ಎರಡು ಗಂಟೆ. ಎರಡೂವರೆ. ಪುಟ್ಟಿ ಶಾಲೆಯಲ್ಲಿ ಕಲಿತದ್ದನ್ನು ನೆನಪು ಮಾಡಿಕೊಂಡಳು. ಟೀಚರ್ ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದು, ಅದರ ಮೇಲೆ ಎರಡು ಚುಕ್ಕಿ ಇಡುತ್ತಿದ್ದರು. ಎರಡೂ ಆಗಿಹೋದ ಕೆಲಸ. ಹಿಂದಿನ ಚುಕ್ಕಿಗೆ ಹ್ಯಾಡ್ ಸೇರಿಸಿ, ಮುಂದಿನ ಚುಕ್ಕಿಗೆ ಬೇಡ. ನಲವತ್ತು ಮಕ್ಕಳೂ ರಾಗವಾಗಿ ಹೇಳುತ್ತಿದ್ದರು: ರೈಲು ಹೋಗಿಯಾಗಿತ್ತು, ನಾನು ಬಂದೆ. ರೈಲು ಹೋಗಿಯಾಗಿತ್ತು, ನಾನು ಬಂದೆ. ಪುಟ್ಟಿಗೆ ಆಗ ರೈಲು ತಪ್ಪಿಸಿಕೊಂಡವನ ಮೇಲೆ ಅಯ್ಯೋ ಅನ್ನಿಸುತ್ತಿತ್ತು, ವ್ಯಾಕರಣ ತಲೆಗೆ ಹೋಗುತ್ತಿರಲಿಲ್ಲ. ಈಗ ಹೋಯಿತು. ಅಧಿಕಾರಿ ಮೇಡಂ ಕೇಳಿದ್ದೂ ಅದನ್ನೇ. ಯಾವುದು ಮೊದಲು ಆಯಿತು, ಕೆಲಸವೋ ಕಾಗದವೋ? ಹೇಗೆ ಬರೆದರೂ ಎರಡು ಚುಕ್ಕಿಗಳನ್ನು ಒಂದರ ಹಿಂದೆ ಒಂದು ಇಡಲೇಬೇಕಿತ್ತು, ಇಟ್ಟ ಕೂಡಲೇ ಯಾರೋ ಒಬ್ಬರು ಗೆರೆಯಿಂದ ಕೆಳಗೆ ಬೀಳುತ್ತಿದ್ದರು.

ಮ್ಯಾನೇಜರ್ ಹೇಳಿದ ಮೂರು ಸಾಲನ್ನೂ ಅವಳು ಬರೆದು ನೋಡಿದಳು. ರಟ್ಟಿನ ಮೇಲೆ ಅಚ್ಚುಕಟ್ಟಾಗಿ ಕೂತವು. ಒಂದು ತಪ್ಪಿಲ್ಲ. ಮೆಕ್ಯಾನಿಕ್ ಬಂದ, ಹೇಳಿದ, ನಾನು ಟೈಪ್ ಮಾಡಿದೆ. ಎಷ್ಟು ನುಣುಪಾಗಿತ್ತೆಂದರೆ, ಎರಡು ಸಲ ಓದಿದರೆ ಅವಳಿಗೇ ಹಾಗೆ ನಡೆದ ನೆನಪು ಬರತೊಡಗಿತು. ಮಾವ ಸಂಜೆ ಬಂದದ್ದು, ಮೇಜಿಗೆ ಒರಗಿದ್ದು, ಎಲ್ಲ ನೋಡಿದೆ ಕಣೆ ಅಂದದ್ದು. ಮೂರನೇ ಸಲ ಓದಲು ಅವಳಿಗೆ ಭಯವಾಯಿತು. ಇದನ್ನು ಮಾವ ಒಪ್ಪಿದ್ದಾನೆ, ಮ್ಯಾನೇಜರ್ ಒಪ್ಪಿದ್ದಾರೆ, ಮೇಡಂ ಕೂಡ ಒಪ್ಪುತ್ತಾರೆ. ಇಲಾಖೆಯ ಹಾಳೆಯ ಮೇಲೆ ಇಳಿಸಿದರೆ ಕೇಸು ಇಲ್ಲ, ಬೀಗ ಇಲ್ಲ, ಸಂಜೆ ಐದಕ್ಕೆ ಮನೆ. ನಡುಕೋಣೆಯಲ್ಲಿ ಗಡಿಯಾರದ ಕೆಳಗೆ ಗೋಡೆ ಮಾತ್ರ ಒಂದು ಚೌಕದಷ್ಟು ಬೆಳ್ಳಗಿರುತ್ತದೆ. ಲಿಫ್ಟಿನ ಗೋಡೆಯ ಮೇಲೆ ಇನ್ನೊಂದು ಹಾಳೆ ಅಂಟಿಸಿದ ಹಾಗೆಯೇ ಇದೂ. ಯಾರೋ ಅಕ್ಷರ ಕೂಡಿಸಿ ಓದುತ್ತಾರೆ, ನಂಬುತ್ತಾರೆ.

ಅವಳು ರಟ್ಟನ್ನು ಪಕ್ಕಕ್ಕಿಟ್ಟಳು. ಇಲಾಖೆಯ ಹಾಳೆ ಎಳೆದುಕೊಂಡಳು. ಇಂಗ್ಲಿಷಿನಲ್ಲಿ ನಾನು ಅನ್ನುವುದಕ್ಕೆ ಒಂದೇ ಅಕ್ಷರ, ಕೋಲು ನೆಟ್ಟ ಹಾಗೆ. ಅದನ್ನು ಬರೆದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ನಿಲ್ಲಲಿಲ್ಲ. ಬೇಗ ಬರೆದಳು, ಮಾವ ಹೇಳಿದ ಹಾಗೆ ಸಣ್ಣ ಇಂಗ್ಲಿಷಿನಲ್ಲಿ.

ಮೂರೂಕಾಲಿಗೆ ಬಾಗಿಲು ಬಡಿದಳು. "ಮಾವ, ತಳ್ಳು."

ಮಾವ ತಳ್ಳಿದ. ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾನು ನಿಂತುಕೊಂಡಳು. "ಅಜ್ಜಿ ಹೇಳಿದ್ದಾಳೆ, ಓದಿ ಹೇಳ್ಬೇಕು. ನಡುವೆ ಮಾತಾಡಬೇಡ."

"ಆಯ್ತು ಮೇಡಂ."

ಅವಳು ಹಾಳೆಯ ಮೇಲೆ ಕಣ್ಣಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದಳು. "ಈ ರಿಪೋರ್ಟನ್ನು ನಾನು ಒಂದನೇ ತಾರೀಖು ಬರೆದೆ. ಆಗ ಯಾರೂ ಏನೂ ಪರೀಕ್ಷಿಸಿರಲಿಲ್ಲ. ಮೂರು ವರ್ಷದಿಂದ ಎಲ್ಲ ರಿಪೋರ್ಟುಗಳನ್ನೂ ಹೀಗೇ ಮೊದಲೇ ಬರೆದಿಡುತ್ತಿದ್ದೇನೆ. ಹೀಗೆ ಮಾಡೋಣ ಅಂತ ಹೇಳಿದವಳು ನಾನು, ಮ್ಯಾನೇಜರ್ ಒಪ್ಪಿದರು. ಹನ್ನೆರಡಕ್ಕೆ ಮೆಕ್ಯಾನಿಕ್ ಉಳಿದದ್ದೆಲ್ಲ ನೋಡಿದರು, ಬಾಗಿಲಿನ ಲಾಕ್ ನೋಡುವ ಮೊದಲೇ ಅವರನ್ನು ಬೇರೆ ಕಡೆ ಕಳಿಸಲಾಯಿತು." ಇಲ್ಲಿ ತಡೆದು ಪೆನ್ನು ತೆಗೆದು, ಕಳಿಸಲಾಯಿತು ಅನ್ನುವುದನ್ನು ಹೊಡೆದು, ಮ್ಯಾನೇಜರ್ ಕಳಿಸಿದರು ಅಂತ ತಿದ್ದಿದಳು. "ಅವರು ನನಗೆ ಫೋನು ಮಾಡಿ, ಆ ಸಾಲು ತೆಗೆಯಲು ಹೇಳಿದರು, ಹಾಳೆ ಅಂಟಿಸದಂತೆ ತಡೆಯಲು ಹೇಳಿದರು. ನಾನು ತೆಗೆಯಲಿಲ್ಲ. ತಡೆಯಲಿಲ್ಲ. ನಾಳೆ ನಿಜವಾಗುತ್ತದೆ ಅಂತ ಹೇಳಿದೆ. ಮಾರನೆಯ ದಿನ ಅವರು ಹೋಗಲಿಲ್ಲ, ನಾನು ನೆನಪಿಸಲಿಲ್ಲ. ಲಾಕ್ ನೋಡಿಲ್ಲ ಅನ್ನುವುದು ನನಗೆ ಗೊತ್ತಿತ್ತು."

ಮಾವ ಅಂಗೈಗಳನ್ನು ಮಂಡಿಯ ಮೇಲೆ ಕವುಚಿ ಇಟ್ಟುಕೊಂಡಿದ್ದ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು.

"ಕೊನೇದು ತೆಗಿ," ಅಂದ. "ಗೊತ್ತಿತ್ತು ಅನ್ನೋದು. ಮಿಕ್ಕಿದ್ದೆಲ್ಲ ಇರಲಿ, ಫೋನೂ ಇರಲಿ. ಸರಿಯಾಗಿ ಕೇಳಿಸಲಿಲ್ಲ ಅಂತ ಹಾಕು. ಮೋಟಾರ್ ಸದ್ದು ಇತ್ತಲ್ಲ, ಕೇಳಿಸದೇ ಇರಬಹುದು."

"ಕೇಳಿಸ್ತು ಮಾವ."

"ಪುಟ್ಟಿ, ಬೇಡ ಕಣೆ."

"ನಿನ್ನದೂ ಬರೆದಿದ್ದೀನಿ ನೋಡು, ಮಾರನೇ ದಿನ ಹೋಗಲಿಲ್ಲ ಅಂತ. ನಿನ್ನದು ನಿನಗೆ, ನನ್ನದು ನನಗೆ. ಹೆಚ್ಚು ತಗೋಬೇಡ."

ಅವನು ಏನೋ ಹೇಳಲು ಬಾಯಿ ತೆರೆದ, ಹೊರಗೆ ಹೆಜ್ಜೆ ಸದ್ದಾಯಿತು, ಮುಚ್ಚಿಕೊಂಡ. ಬಾಗಿಲಿನಲ್ಲಿ ಮ್ಯಾನೇಜರ್, ಕನ್ನಡಕ ಒರೆಸುತ್ತಾ.

"ಕೊಡಮ್ಮ, ನೋಡೋಣ."

"ಮೇಡಂ ಕೈಗೇ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ ಸಾರ್."

"ನಾವೇನು ಹೊರಗಿನವರಾ?"

"ಹೊರಗಿನವರು ಅಂತಲ್ಲ ಸಾರ್. ನೀವೂ ಈ ಹಾಳೆ ಒಳಗೇ ಇದ್ದೀರಿ, ಎರಡು ಕಡೆ."

ಮ್ಯಾನೇಜರ್ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು, ಮಾವನನ್ನು ನೋಡಿದರು. ಮೇಜಿನ ಮೇಲಿನ ರಟ್ಟಿನಲ್ಲಿ ಅವರ ಮೂರು ಸಾಲು ಅಚ್ಚುಕಟ್ಟಾಗಿ ಕೂತಿದ್ದವು. ಅವರ ಕಣ್ಣು ಅಲ್ಲಿಗೂ ಹೋಯಿತು. ಬಾಗಿಲಿನಿಂದ ಸರಿಯಲಿಲ್ಲ. ಬಾಗಿಲು ಒಬ್ಬರಿಗಷ್ಟೇ ಅಗಲ. ಪುಟ್ಟಿ ಹಾಳೆಯನ್ನು ಎದೆಗೆ ಒತ್ತಿಕೊಂಡು ನಿಂತಳು, ಮುಂದೆ ಮ್ಯಾನೇಜರ್, ಹಿಂದೆ ಗೋಡೆಯ ಕಿಟಕಿ. ಆಮೇಲೆ ಮಾವ ಎದ್ದು, ಇಪ್ಪತ್ತೆರಡು ವರ್ಷ ತಾನು ಯಾರ ಮುಂದೆ ತಲೆಬಾಗಿಸಿ ನಿಂತಿದ್ದನೋ ಅವರ ಹತ್ತಿರ ಹೋಗಿ, ಕೈಯಿಂದ ಮುಟ್ಟದೆ, ಲಿಫ್ಟಿನಲ್ಲಿ ಜನರಿಗೆ ಹೇಳುವ ಹಾಗೆ ಹೇಳಿದ: "ಸ್ವಲ್ಪ ಜಾಗ ಬಿಡಿ ಸಾರ್. ಇಳಿಯೋರಿದ್ದಾರೆ."

ಮ್ಯಾನೇಜರ್ ಪಕ್ಕಕ್ಕೆ ಸರಿದರು.

ಅಧಿಕಾರಿ ಮುಂದಿನ ಕೋಣೆಯಲ್ಲಿ ನಾಲ್ಕಕ್ಕೆ ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಹೆಬ್ಬೆರಳಷ್ಟು ದಪ್ಪದ ಒಂದು ಲಾಕ್, ಕೊಕ್ಕೆ ಸವೆದು ಮೊಂಡಾಗಿತ್ತು. ಹಾಳೆ ತೆಗೆದುಕೊಂಡು ಓದಿದರು. ಹೊಡೆದು ತಿದ್ದಿದ ಕಡೆ ನಿಂತು ಇನ್ನೊಮ್ಮೆ ಓದಿದರು.

"ಇದರ ಪರಿಣಾಮ ಏನು ಅಂತ ಗೊತ್ತಾ ನಿಮಗೆ?"

"ಪೂರ್ತಿ ಗೊತ್ತಿಲ್ಲ ಮೇಡಂ."

"ನನಗೂ ಈಗಲೇ ಹೇಳೋಕಾಗಲ್ಲ. ಉಳಿದ ನಲವತ್ತೆರಡು ಲಿಫ್ಟನ್ನ ನಾಳೆಯಿಂದ ನಾವೇ ನೋಡ್ತೀವಿ, ಅಲ್ಲೀವರೆಗೆ ನಿಲ್ಲಿಸಿಡ್ತೀವಿ." ಹಾಳೆಯನ್ನು ತಿರುಗಿಸಿ ಅವಳ ಕಡೆ ತಳ್ಳಿದರು. "ಸಹಿ ಹಾಕಿಲ್ಲ ನೀವು. ಇವತ್ತಿನ ತಾರೀಖೂ ಇಲ್ಲ."

ಪುಟ್ಟಿ ಗೋಡೆಯ ಕ್ಯಾಲೆಂಡರು ನೋಡಿ ಖಚಿತ ಮಾಡಿಕೊಂಡು, ಆ ದಿನದ ತಾರೀಖನ್ನು ಬರೆದಳು. ಪೆನ್ನನ್ನು ಗಟ್ಟಿಯಾಗಿ ಹಿಡಿದು ಬಾಗಿ ಸಹಿ ಹಾಕಿದಳು.